ಹೊಗೆಸೊಪ್ಪಿನ ಸೀಮೆಯಿಂದ ವಾರ್ಡಿನವರೆಗೆ: ಆರೋಗ್ಯ ವಿಜ್ಞಾನ ಪದವಿಗೆ 14 ಸೂತ್ರಗಳು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಪಿಯುಸಿ ವಿಜ್ಞಾನ ಮುಗಿಸಿದ ಹುಡುಗ ಹುಡುಗಿಯರು ಪ್ರತಿ ವರ್ಷ ಹೊಗೆಸೊಪ್ಪಿನ ಸೀಮೆಯ ಈ ನಾಲ್ಕೂ ತಾಲ್ಲೂಕುಗಳಿಂದ ಮೈಸೂರಿನ ದಾರಿ ಹಿಡಿಯುತ್ತಾರೆ. ಒಬ್ಬಳಿಗೆ ಬಿ.ಎಸ್ಸಿ. ನರ್ಸಿಂಗ್ ಸೀಟು, ಇನ್ನೊಬ್ಬನಿಗೆ ಲ್ಯಾಬ್ ಟೆಕ್ನಾಲಜಿ, ಮತ್ತೊಬ್ಬಳಿಗೆ ಫಿಸಿಯೋಥೆರಪಿ. ಎಂಬಿಬಿಎಸ್ ಸಿಗಲಿಲ್ಲವಲ್ಲ ಎಂಬ ಕೊರಗು ಕೆಲವರಿಗೆ, ಇಂಗ್ಲಿಷ್ ಬರುವುದಿಲ್ಲವಲ್ಲ ಎಂಬ ಅಂಜಿಕೆ ಹಲವರಿಗೆ. ಎರಡನ್ನೂ ಬದಿಗಿಡಿ. ಓದಿದ್ದನ್ನು ಕಣ್ಣೆದುರಿನ ರೋಗಿಗೆ ಜೋಡಿಸಬಲ್ಲವರೇ ಈ ಓದಿನಲ್ಲಿ ಮುಂದೆ ಬರುತ್ತಾರೆ. ಜೋಡಿಸಲು ಬೇಕಾದ ಸರಕು ನಿಮ್ಮೂರಲ್ಲೇ ಬೇಕಾದಷ್ಟಿದೆ. ಅದನ್ನು ಬಳಸಿಕೊಳ್ಳುವ ಬಗೆ ಇಲ್ಲಿದೆ.

1. ಕೋರ್ಸಿನ ಹೆಸರಿಗಲ್ಲ, ಕೆಲಸಕ್ಕೆ ಸೇರಿ

ಬಿ.ಎಸ್ಸಿ. ನರ್ಸಿಂಗ್ ಎಂದರೆ ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಲ್ಯಾಬ್, ಎಕ್ಸ್‌ರೇ-ಸ್ಕ್ಯಾನಿಂಗ್, ಡಯಾಲಿಸಿಸ್, ಅರಿವಳಿಕೆ ಮತ್ತು ಆಪರೇಷನ್ ಥಿಯೇಟರ್, ಆಪ್ಟೊಮೆಟ್ರಿ ಇವೆಲ್ಲ ಅಲೈಡ್ ಹೆಲ್ತ್ ಗುಂಪಿನವು. ಫಾರ್ಮಸಿಯ ಹಾದಿ ಬೇರೆ, ಫಿಸಿಯೋಥೆರಪಿಯ ಹಾದಿ ಬೇರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತು ಮತ್ತು ಕಿವಿಗೆ ಸಂಬಂಧಿಸಿದ ಪದವಿಯಿದೆ. ಇಷ್ಟು ಹತ್ತಿರದಲ್ಲಿದ್ದರೂ ನಮ್ಮ ತಾಲ್ಲೂಕುಗಳ ಎಷ್ಟೋ ಮಕ್ಕಳಿಗೆ ಅದರ ಸುದ್ದಿಯೇ ಮುಟ್ಟಿರುವುದಿಲ್ಲ.

ಸೇರುವ ಮುನ್ನ ಆ ಕೆಲಸ ಮಾಡುವವರೊಬ್ಬರನ್ನು ಹುಡುಕಿ, ಅವರ ದಿನ ಹೇಗೆ ಸಾಗುತ್ತದೆ ಎಂದು ಕೇಳಿ. ರಾತ್ರಿ ಪಾಳಿ ಒಗ್ಗುತ್ತದೆಯೇ? ದಿನವಿಡೀ ಸೂಕ್ಷ್ಮದರ್ಶಕದ ಮುಂದೆ ಕೂರಬಲ್ಲಿರಾ? ರಕ್ತ, ವಾಂತಿ, ಮಲಮೂತ್ರ ಕಂಡು ಹೇಸದೆ ನಿಲ್ಲಬಲ್ಲಿರಾ? ಕಾಲೇಜಿನ ಬಗ್ಗೆ ವಿಚಾರಿಸಬೇಕಾದ್ದು ಮೂರು: ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೋ ಮಾನ್ಯತೆ ಪಡೆದ ಬೇರೆ ವಿಶ್ವವಿದ್ಯಾಲಯಕ್ಕೋ ಸೇರಿದೆಯೇ, ಆಯಾ ಕೌನ್ಸಿಲ್‌ನ ಒಪ್ಪಿಗೆ ಇದೆಯೇ, ವಿದ್ಯಾರ್ಥಿಗಳನ್ನು ಕಳಿಸುವುದು ಯಾವ ಆಸ್ಪತ್ರೆಗೆ. ಮೂರನೆಯದನ್ನು ಕೇಳುವವರು ಕಡಿಮೆ. ರೋಗಿಗಳೇ ಇಲ್ಲದ ಆಸ್ಪತ್ರೆಗೆ ಹೋಗಿ ಏನು ಕಲಿಯುತ್ತೀರಿ?

2. ಕಾಗದಪತ್ರ ಮೊದಲು, ಕನಸು ಆಮೇಲೆ

ಸಿಇಟಿ ಸೀಟು ಹಂಚಿಕೆಯಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಾತಿ ಇದೆ. 1ರಿಂದ 10ನೇ ತರಗತಿಯವರೆಗೆ ಪೂರ್ತಿ ಹತ್ತು ವರ್ಷ ಹಾಗೆ ಓದಿರಬೇಕು. ಪುರಸಭೆ, ನಗರಸಭೆ ವ್ಯಾಪ್ತಿಯ ಶಾಲೆಯಲ್ಲಿ ಓದಿದ ವರ್ಷ ಗ್ರಾಮೀಣ ಲೆಕ್ಕಕ್ಕೆ ಬರುವುದಿಲ್ಲ. ಎರಡು ಮೂರು ಶಾಲೆ ಬದಲಿಸಿದವರು ಪ್ರತಿ ಶಾಲೆಯಿಂದಲೂ ವ್ಯಾಸಂಗ ಪ್ರಮಾಣಪತ್ರ ತಂದು ಬಿಇಒ ಕಚೇರಿಯ ಮೇಲುಸಹಿ ಹಾಕಿಸಬೇಕು. ಫಲಿತಾಂಶ ಬಂದ ಮೇಲೆ ಓಡಾಡಿದರೆ ಕೆಲಸವಾಗದು, ಪರೀಕ್ಷೆ ಮುಗಿದ ವಾರವೇ ಹೊರಡಿ. ಜಾತಿ, ಆದಾಯ ಪ್ರಮಾಣಪತ್ರಗಳಿಗೆ ನಾಡಕಚೇರಿಯಲ್ಲಿ ಅರ್ಜಿ ಹಾಕಿಡಿ.

ದುಡ್ಡಿನ ವಿಷಯಕ್ಕೆ ಬಂದರೆ, ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್, ಇರಲು ಬಿಸಿಎಂ ಅಥವಾ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್. ಹಿಂದುಳಿದ ವರ್ಗಗಳ ಮೀಸಲಾತಿಗೆ ಗಟ್ಟಿ ಬುನಾದಿ ಹಾಕಿದ ಮುಖ್ಯಮಂತ್ರಿ ಡಿ. ದೇವರಾಜ ಅರಸು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು. ಅವರ ಹೆಸರಿನ ಅಭಿವೃದ್ಧಿ ನಿಗಮದಲ್ಲಿ ವೃತ್ತಿಪರ ಕೋರ್ಸಿಗೆ ‘ಅರಿವು’ ಶೈಕ್ಷಣಿಕ ಸಾಲವಿದೆ. ಅರ್ಜಿಯ ಕೊನೆಯ ದಿನಾಂಕಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಬರೆದಿಡಿ.

3. ಮೊದಲ ವರ್ಷ ಬಾಕಿ ಉಳಿಸಬೇಡಿ

ಅಂಗರಚನೆ, ಶರೀರಕ್ರಿಯೆ, ಜೀವರಸಾಯನ, ಸೂಕ್ಷ್ಮಜೀವಿ ಶಾಸ್ತ್ರ. ಕೋರ್ಸು ಯಾವುದಾದರೂ ತಳಪಾಯ ಇವೇ. ಅಲೈಡ್ ಹೆಲ್ತ್‌ನವರಿಗೆ ಮೊದಲ ವರ್ಷವೇ ಪೆಥಾಲಜಿಯೂ ಸೇರುತ್ತದೆ. ಮೂತ್ರಪಿಂಡದ ನೆಫ್ರಾನ್ ಅರ್ಥವಾಗದವನು ಮೂರನೇ ವರ್ಷದಲ್ಲಿ ಡಯಾಲಿಸಿಸ್ ಯಂತ್ರದ ಗುಂಡಿ ಒತ್ತಬಹುದು, ಯಾಕೆ ಒತ್ತಿದೆ ಎಂದು ಹೇಳಲಾರ.

ಅಂಗರಚನೆಯನ್ನು ಬರೀ ಓದಬೇಡಿ, ಬಿಡಿಸಿ. ಹೃದಯದ ನಾಲ್ಕು ಕೋಣೆ, ಕವಾಟ, ರಕ್ತ ಹರಿಯುವ ದಾರಿ ಇಷ್ಟನ್ನು ಪುಸ್ತಕ ಮುಚ್ಚಿ ಎರಡು ನಿಮಿಷದಲ್ಲಿ ಬಿಡಿಸಲು ಬಂದರೆ ಪಾಠ ಬಂತು ಎಂದರ್ಥ. ದಪ್ಪ ಪುಸ್ತಕ ಕಂಡು ಹೆದರುವವರು ನರ್ಸಿಂಗ್ ಮತ್ತು ಅಲೈಡ್ ಹೆಲ್ತ್ ವಿದ್ಯಾರ್ಥಿಗಳಿಗೆಂದೇ ಬರೆದ ರಾಸ್ ಅಂಡ್ ವಿಲ್ಸನ್ ಪುಸ್ತಕದಿಂದ ಶುರುಮಾಡಿ, ಆಮೇಲೆ ಮೇಷ್ಟರು ಹೇಳಿದ್ದಕ್ಕೆ ಹೋಗಿ. ಎಲ್ಲವನ್ನೂ ಕೊಳ್ಳಬೇಕಿಲ್ಲ. ರಾಜೀವ್ ಗಾಂಧಿ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಿಗೆ ‘ಹೆಲಿನೆಟ್’ ಎಂಬ ಡಿಜಿಟಲ್ ಗ್ರಂಥಾಲಯವಿದೆ. ಲೈಬ್ರರಿಯವರನ್ನು ಕೇಳಿ ಲಾಗಿನ್ ಪಡೆಯಿರಿ.

4. ಹಾಜರಾತಿಯ ಲೆಕ್ಕವನ್ನು ಮನೆಯವರಿಗೂ ತಿಳಿಸಿ

ನರ್ಸಿಂಗ್ ನಿಯಮದಲ್ಲಿ ಶೇ. 80 ಹಾಜರಾತಿ ಬೇಕು, ಪದವಿ ಕೈಸೇರುವ ಹೊತ್ತಿಗೆ ಕ್ಲಿನಿಕಲ್ ಪೋಸ್ಟಿಂಗ್‌ಗಳಲ್ಲಿ ಪೂರ್ತಿ ನೂರಕ್ಕೆ ನೂರು ಆಗಿರಬೇಕು. ತಪ್ಪಿಸಿದ ಡ್ಯೂಟಿಯನ್ನು ರಜೆಯಲ್ಲಿ ಕೂತು ತುಂಬಿಸಬೇಕಾಗುತ್ತದೆ. ಬೇರೆ ಕೋರ್ಸುಗಳಿಗೂ ಅವುಗಳದೇ ಮಿತಿಯಿದೆ.

ನಮ್ಮ ಕಡೆಯ ಕಷ್ಟ ಬೇರೆ. ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಉರಿಯುವ ದಿನಗಳಲ್ಲಿ ಮನೆಯಿಂದ ಫೋನು ಬರುತ್ತದೆ: “ಆಳು ಸಿಗ್ತಿಲ್ಲ ಮಗಾ, ಎರಡು ದಿನ ಬಂದು ಹೋಗು.” ಎರಡು ದಿನ ಎಂದದ್ದು ವಾರವಾಗುತ್ತದೆ. ಆಮೇಲೆ ನಾಟಿ, ಜಾತ್ರೆ, ಮದುವೆ. ಸೆಮಿಸ್ಟರ್ ಶುರುವಾದ ದಿನವೇ ಅಪ್ಪ ಅವ್ವನ ಎದುರು ಲೆಕ್ಕ ಇಡಿ. ಇಷ್ಟು ದಿನ ಮಾತ್ರ ತಪ್ಪಿಸಬಹುದು, ಅದರಲ್ಲಿ ಜ್ವರ ನೆಗಡಿಗೆ ಇಷ್ಟು, ಬ್ಯಾರನ್‌ಗೆ ಇಷ್ಟು. ಮೊದಲೇ ಹೇಳಿದರೆ ಅವರೂ ಆಳಿನ ಏರ್ಪಾಡು ಮಾಡಿಕೊಳ್ಳುತ್ತಾರೆ.

5. ಇಂಗ್ಲಿಷನ್ನು ತುಂಡು ಮಾಡಿ ತಿನ್ನಿ

ವೈದ್ಯಕೀಯ ಇಂಗ್ಲಿಷ್ ಕನ್ನಡ ಮಾಧ್ಯಮದವರಿಗೆ ಮಾತ್ರವಲ್ಲ, ಕಾನ್ವೆಂಟಿನವರಿಗೂ ಹೊಸದೇ. ಎಲ್ಲರೂ ಸೊನ್ನೆಯಿಂದಲೇ ಹೊರಡುವುದು. ಅದರ ಪದಗಳು ಬಿಡಿಭಾಗಗಳಿಂದ ಆದವು. ಹೈಪರ್ ಹೆಚ್ಚು, ಹೈಪೋ ಕಡಿಮೆ. ಟ್ಯಾಕಿ ವೇಗ, ಬ್ರಾಡಿ ನಿಧಾನ. ಕೊನೆಯಲ್ಲಿ ಐಟಿಸ್ ಬಂದರೆ ಉರಿಯೂತ, ಎಕ್ಟಮಿ ಬಂದರೆ ಕತ್ತರಿಸಿ ತೆಗೆಯುವುದು. ಇಂಥ ನೂರು ತುಂಡು ಕಲಿತರೆ ಸಾವಿರ ಪದ ತಾವಾಗಿ ಬಿಡಿಸಿಕೊಳ್ಳುತ್ತವೆ.

ಅರ್ಥ ಮಾಡಿಕೊಳ್ಳುವುದು ಕನ್ನಡದಲ್ಲಿ, ಬರೆಯುವುದು ಇಂಗ್ಲಿಷಿನಲ್ಲಿ. ಈ ಒಪ್ಪಂದ ನಿಮ್ಮೊಳಗೆ ಆಗಲಿ. ದಿನಕ್ಕೊಂದು ಅರ್ಧ ಪುಟದ ಉತ್ತರವನ್ನು ಪುಸ್ತಕ ನೋಡದೆ ಬರೆಯಿರಿ. ವ್ಯಾಕರಣ ತಪ್ಪಿದರೆ ತಲೆಕೆಡಿಸಿಕೊಳ್ಳಬೇಡಿ. ಸಣ್ಣ ವಾಕ್ಯ, ಸರಿಯಾದ ಪದ, ಹೆಸರು ಗುರುತಿಸಿದ ಚಿತ್ರ ಇದ್ದರೆ ಅಂಕ ಬರುತ್ತದೆ. ಕನ್ನಡದಲ್ಲಿ ಆರೋಗ್ಯದ ಬರವಣಿಗೆ ಹೇಗಿರುತ್ತದೆ ಎಂದು ನೋಡಬೇಕೆಂದರೆ, ಸ್ವತಃ ವೈದ್ಯೆಯಾಗಿದ್ದ ಅನುಪಮಾ ನಿರಂಜನ ಅವರ ‘ತಾಯಿ-ಮಗು’, ‘ಕೇಳು ಕಿಶೋರಿ’ ಓದಿ. ನಾಳೆ ಬಾಣಂತಿಗೆ ಬುದ್ಧಿ ಹೇಳುವಾಗ ಉಪಯೋಗಕ್ಕೆ ಬರುತ್ತವೆ.

6. ಹೊಗೆಸೊಪ್ಪಿನ ಹೊಲದಲ್ಲಿ ನರಮಂಡಲ ಕಲಿಯಿರಿ

ಬೆಳಗಿನ ಮಂಜಿನಲ್ಲಿ, ಮಳೆ ಬಿದ್ದ ಮಾರನೇ ದಿನ ಹೊಗೆಸೊಪ್ಪು ಮುರಿಯಲು ಹೋದವರಿಗೆ ತಲೆ ಸುತ್ತಿ ವಾಂತಿಯಾಗುವುದನ್ನು ನೀವು ಕಂಡಿದ್ದೀರಿ. ಹಸಿ ಎಲೆಯ ನಿಕೋಟಿನ್ ನೀರಿನಲ್ಲಿ ಕರಗಿ ಚರ್ಮದ ಮೂಲಕ ರಕ್ತಕ್ಕೆ ಇಳಿಯುವುದೇ ಇದಕ್ಕೆ ಕಾರಣ. ಬೀಡಿ ಸೇದದ ಹೆಂಗಸರಿಗೂ, ಸೊಪ್ಪು ಹೊರುವ ಹುಡುಗರಿಗೂ ಆಗುತ್ತದೆ. ಗ್ಲೌಸ್ ಹಾಕಿ, ನೆನೆದ ಬಟ್ಟೆ ಕೂಡಲೇ ಬದಲಿಸಿದರೆ ಬಹುಮಟ್ಟಿಗೆ ತಪ್ಪಿಸಬಹುದು.

ಪುಸ್ತಕದಲ್ಲಿ ಇದು ಎಲ್ಲಿ ಬರುತ್ತದೆ? ನರಗಳ ಸಂದೇಶವಾಹಕ ಅಸಿಟೈಲ್‌ಕೊಲಿನ್ ಪಾಠದಲ್ಲಿ. ಅದು ಕೂರುವ ಒಂದು ಬಗೆಯ ಗ್ರಾಹಕಕ್ಕೆ ‘ನಿಕೋಟಿನಿಕ್’ ಎಂದೇ ಹೆಸರು. ಅದೇ ಪಾಠದ ಇನ್ನೊಂದು ತುದಿಯಲ್ಲಿ ಕೀಟನಾಶಕವಿದೆ. ಆರ್ಗನೋಫಾಸ್ಫೇಟ್ ಕುಡಿದವರ ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಮೈತುಂಬ ಬೆವರು, ಪಾಪೆ ಸೂಜಿಮೊನೆಯಷ್ಟು ಕಿರಿದು. ಅಸಿಟೈಲ್‌ಕೊಲಿನನ್ನು ಒಡೆಯುವ ಕಿಣ್ವವನ್ನು ವಿಷ ಕಟ್ಟಿಹಾಕಿರುತ್ತದೆ. ಒಡೆಯದೆ ಉಳಿದ ಅಸಿಟೈಲ್‌ಕೊಲಿನ್ ಮಿತಿಮೀರುತ್ತದೆ, ಅದರ ಪರಿಣಾಮ ತಡೆಯಲೆಂದೇ ಅಟ್ರೊಪಿನ್ ಕೊಡುವುದು. ಹೊಲದಲ್ಲಿ ಕಂಡ ಎರಡು ಸಂಗತಿಯನ್ನು ಒಂದು ಪಾಠಕ್ಕೆ ಕಟ್ಟಿದಿರಿ. ಇನ್ನು ಅದು ಮರೆಯುವುದಿಲ್ಲ.

7. ಒಂದು ಹಾವು ಕಡಿತ, ಐದು ವಿಷಯ

ಹಾವು ಕಡಿತವನ್ನು ಕರ್ನಾಟಕ ಸರ್ಕಾರ 2024ರಲ್ಲಿ ಅಧಿಸೂಚಿತ ರೋಗವೆಂದು ಘೋಷಿಸಿತು, ಅಂದರೆ ಪ್ರತಿ ಪ್ರಕರಣವೂ ವರದಿಯಾಗಬೇಕು. ಗದ್ದೆ, ಕಾಡಂಚು ಎರಡೂ ಇರುವ ನಮ್ಮ ತಾಲ್ಲೂಕುಗಳಲ್ಲಿ ಇದನ್ನು ವಾರ್ಡಿನಲ್ಲಿ ಕಾಣದೆ ಪದವಿ ಮುಗಿಸುವುದು ಕಷ್ಟ.

ಕೊಳಕುಮಂಡಲ ಕಚ್ಚಿದವರು ಬಂದರೆಂದುಕೊಳ್ಳಿ. ರಕ್ತ ಹೆಪ್ಪುಗಟ್ಟುತ್ತಿದೆಯೇ ಎಂದು ತಿಳಿಯಲು ತಾಲ್ಲೂಕು ಆಸ್ಪತ್ರೆಯಲ್ಲಿ ದೊಡ್ಡ ಯಂತ್ರ ಬೇಕಿಲ್ಲ. ಒಣಗಿದ, ಶುಭ್ರವಾದ ಗಾಜಿನ ಟ್ಯೂಬಿಗೆ ಆಗತಾನೇ ತೆಗೆದ 2 ಮಿ.ಲೀ. ರಕ್ತ ಹಾಕಿ, ಅಲುಗಿಸದೆ ನಿಲ್ಲಿಸಿ, ಗಡಿಯಾರ ನೋಡಿ 20 ನಿಮಿಷ ಕಾಯಬೇಕು. ಆಮೇಲೆ ಒಂದೇ ಸಲ ಮೆಲ್ಲಗೆ ಬಗ್ಗಿಸಬೇಕು. ಹೆಪ್ಪುಗಟ್ಟಿದ್ದರೆ ರಕ್ತ ಅಂಟಿಕೊಂಡು ನಿಲ್ಲುತ್ತದೆ, ಇಲ್ಲವಾದರೆ ನೀರಿನ ಹಾಗೆ ಹರಿಯುತ್ತದೆ. ಹರಿದರೆ ಪ್ರತಿವಿಷಕ್ಕೆ ಓಡಬೇಕು. ಪ್ಲಾಸ್ಟಿಕ್ ಟ್ಯೂಬ್ ಬಳಸುವಂತಿಲ್ಲ, ಹೆಪ್ಪುಗಟ್ಟುವ ಕ್ರಿಯೆಗೆ ಚಾಲನೆ ಕೊಡುವುದು ಗಾಜಿನ ಮೈ. ಸೋಪುಪುಡಿಯಲ್ಲಿ ತೊಳೆದ ಟ್ಯೂಬೂ ಸುಳ್ಳು ಫಲಿತಾಂಶ ಕೊಡಬಹುದು.

ಈಗ ವಿಷಯಗಳನ್ನು ಎಣಿಸಿ. ಟ್ಯೂಬು ಲ್ಯಾಬಿನವರದು. ಪ್ರತಿವಿಷ ಹತ್ತಿಸುವಾಗ ತುರಿಕೆ, ಉಬ್ಬಸ ಕಾಣುತ್ತದೆಯೇ ಎಂದು ಪಕ್ಕದಲ್ಲೇ ನಿಂತು ಗಮನಿಸುವುದು ನರ್ಸಿನದು. ಮಂಡಲದ ವಿಷಕ್ಕೆ ಮೂತ್ರಪಿಂಡ ಸೋತರೆ ಡಯಾಲಿಸಿಸ್‌ನವರ ಸರದಿ. ಕಚ್ಚಿದ್ದು ಕಟ್ಟುಹಾವಾದರೆ ರೆಪ್ಪೆ ಜೋತುಬಿದ್ದು ಉಸಿರಾಟದ ಸ್ನಾಯು ಸೋಲುತ್ತದೆ, ಆಗ ವೆಂಟಿಲೇಟರ್ ನೋಡುವವರು ಬೇಕು. ಗಾಯಗೊಂಡ ಕಾಲಿಗೆ ಶಕ್ತಿ ತುಂಬಲು ಫಿಸಿಯೋಥೆರಪಿ. ಕಂಡ ಪ್ರತಿ ರೋಗಿಯನ್ನೂ ಹೀಗೆ ಬಿಡಿಸಿ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಊರಿಗೆ ಹೋದಾಗ, ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಕಾಲು ಅಲುಗಿಸದೆ ಆಸ್ಪತ್ರೆಗೆ ತನ್ನಿ ಎಂದು ನಾಲ್ಕು ಜನಕ್ಕೆ ಹೇಳಿ.

8. ಹಾಡಿಗೆ ಹೋಗಿ ಬನ್ನಿ

ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣದ ಕಾಡಂಚಿನ ಹಾಡಿಗಳಲ್ಲಿ, ಅಂದರೆ ಆದಿವಾಸಿ ಕೇರಿಗಳಲ್ಲಿ, ಜೇನುಕುರುಬರು, ಬೆಟ್ಟಕುರುಬರು, ಯರವರು ಇದ್ದಾರೆ. ಆದಿವಾಸಿ ಸಮುದಾಯಗಳಲ್ಲಿ ಹೆಚ್ಚಾಗಿ ಕಾಣುವ ಕುಡಗೋಲು ಕಣ ರಕ್ತಹೀನತೆಯ ಬಗ್ಗೆ ನೀವು ಜೀವರಸಾಯನದಲ್ಲಿ ಓದುತ್ತೀರಿ: ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯ 6ನೇ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್. ಒಂದೇ ಒಂದು ಅಮೈನೋ ಆಮ್ಲ ಬದಲಾದದ್ದಕ್ಕೆ ಕೆಂಪುಕಣ ಬಾಗುತ್ತದೆ, ಸಣ್ಣ ರಕ್ತನಾಳ ಕಟ್ಟುತ್ತದೆ, ಮೂಳೆ ಮುರಿದಂತೆ ನೋಯುತ್ತದೆ. ತಂದೆ ತಾಯಿ ಇಬ್ಬರೂ ವಾಹಕರಾದರೆ ಹುಟ್ಟುವ ಪ್ರತಿ ಮಗುವಿಗೂ ರೋಗ ಬರುವ ಸಂಭವ ಶೇ. 25. 2047ರೊಳಗೆ ಇದನ್ನು ನಿವಾರಿಸುವ ಗುರಿಯ ರಾಷ್ಟ್ರೀಯ ಅಭಿಯಾನ 2023ರ ಜುಲೈ 1ರಂದು ಶುರುವಾಯಿತು. ಆ ತಪಾಸಣೆಗೆ ಬೇಕಾದವರು ಲ್ಯಾಬಿನವರು ಮತ್ತು ನರ್ಸುಗಳೇ.

ಸಮುದಾಯ ಆರೋಗ್ಯದ ಪೋಸ್ಟಿಂಗ್ ಎಂದರೆ ಪಿಕ್‌ನಿಕ್ ಎಂದುಕೊಳ್ಳುವವರು ಒಂದು ಉದಾಹರಣೆ ನೋಡಲಿ. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದ ಆರ್. ಬಾಲಸುಬ್ರಹ್ಮಣ್ಯಂ ಗೆಳೆಯರ ಜೊತೆಗೂಡಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು. ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಗಳಲ್ಲಿ ಕೆಲಸ ಶುರುಮಾಡಿದರು. ಕೆಂಚನಹಳ್ಳಿಯ ಆಸ್ಪತ್ರೆ, ಸರಗೂರಿನ ವಿವೇಕಾನಂದ ಮೆಮೋರಿಯಲ್ ಆಸ್ಪತ್ರೆ ಅದರಿಂದ ಬೆಳೆದವು. ರಜೆಯಲ್ಲಿ ಅಂಥ ಕಡೆ ಹೋಗಿ ಕೆಲಸ ನೋಡಲು ಅವಕಾಶ ಕೇಳಿ.

9. ಕೈ ಪಳಗಲಿ

ಬಿಪಿ ನೋಡುವುದು ಸುಲಭ ಎನಿಸುತ್ತದೆ, ತಪ್ಪಾಗುವುದೂ ಅಲ್ಲೇ. ರೋಗಿ ಐದು ನಿಮಿಷ ಸುಮ್ಮನೆ ಕೂತಿರಬೇಕು, ಬೆನ್ನಿಗೆ ಆಸರೆ ಇರಬೇಕು, ತೋಳು ಎದೆಯ ಮಟ್ಟಕ್ಕಿರಬೇಕು. ರವಿಕೆ, ಸ್ವೆಟರ್ ಮೇಲೆ ಕಫ್ ಕಟ್ಟುವಂತಿಲ್ಲ. ಮೊದಲು ನಾಡಿ ಹಿಡಿದು, ಅದು ನಿಲ್ಲುವ ಮಟ್ಟ ಗೊತ್ತುಮಾಡಿಕೊಂಡು, ಅದಕ್ಕಿಂತ 20-30 ಮೇಲೇರಿಸಿ, ನಿಧಾನ ಇಳಿಸಬೇಕು. ಮೊದಲ ‘ಟಪ್’ ಸದ್ದು ಮೇಲಿನ ಅಂಕಿ, ಸದ್ದು ಪೂರ್ತಿ ಅಡಗಿದ್ದು ಕೆಳಗಿನದು. ರಷ್ಯಾದ ವೈದ್ಯ ಕೊರೊಟ್ಕಾಫ್ 1905ರಲ್ಲಿ ವಿವರಿಸಿದ ಈ ಸದ್ದುಗಳಿಗೆ ಇಂದಿಗೂ ಅವರದೇ ಹೆಸರು.

ಭಾನುವಾರ ಊರಿಗೆ ಹೋದಾಗ ಅಜ್ಜಿ, ದೊಡ್ಡಪ್ಪ, ಪಕ್ಕದ ಮನೆಯ ಅಕ್ಕ ಎಲ್ಲರ ಬಿಪಿ ನೋಡಿ. ಅಂಕಿ ಬರೆದಿಡಿ, ಆದರೆ ಮಾತ್ರೆ ಹೇಳಲು ಹೋಗಬೇಡಿ. ಹೆಚ್ಚು ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ. ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು.

10. ಲೆಕ್ಕ ತಪ್ಪಿದರೆ ಜೀವಕ್ಕೆ ಕುತ್ತು

500 ಮಿ.ಲೀ. ಡ್ರಿಪ್ಪನ್ನು 4 ಗಂಟೆಯಲ್ಲಿ ಹತ್ತಿಸಬೇಕು. ಸೆಟ್ಟಿನಲ್ಲಿ ಮಿ.ಲೀ.ಗೆ 20 ಹನಿ. ನಿಮಿಷಕ್ಕೆ ಎಷ್ಟು? 500ನ್ನು 20ರಿಂದ ಗುಣಿಸಿ, 240 ನಿಮಿಷದಿಂದ ಭಾಗಿಸಿ. ಸುಮಾರು 42 ಹನಿ.

ಇನ್ನೊಂದು ಲೆಕ್ಕ. 10 ಕೆ.ಜಿ. ತೂಕದ ಮಗುವಿಗೆ ಕೆ.ಜಿ.ಗೆ 15 ಮಿ.ಗ್ರಾಂನಂತೆ 150 ಮಿ.ಗ್ರಾಂ ಪ್ಯಾರಸಿಟಮಾಲ್ ಬರೆದಿದ್ದಾರೆ. ಬಾಟಲಿಯಲ್ಲಿ 5 ಮಿ.ಲೀ.ಗೆ 125 ಮಿ.ಗ್ರಾಂ ಇದ್ದರೆ ಕೊಡಬೇಕಾದ್ದು 6 ಮಿ.ಲೀ. ಅದೇ ಔಷಧಿಯ ಇನ್ನೊಂದು ಬಾಟಲಿಯಲ್ಲಿ 5 ಮಿ.ಲೀ.ಗೆ 250 ಇರುತ್ತದೆ. ಅದರಲ್ಲಿ 3 ಮಿ.ಲೀ. ಸಾಕು. ಲೇಬಲ್ ಓದದೆ ಸುರಿದರೆ ಮಗುವಿಗೆ ಇಮ್ಮಡಿ ಔಷಧಿ ಬೀಳುತ್ತದೆ. ದಿನಕ್ಕೆ ಇಂಥ ಎರಡು ಲೆಕ್ಕ ಕಾಗದದ ಮೇಲೆ ಮಾಡಿ, ಫೋನಿನ ಕ್ಯಾಲ್ಕುಲೇಟರ್ ಮುಟ್ಟಬೇಡಿ. ವಾರ್ಡಿನಲ್ಲಿ ಅನುಮಾನ ಬಂದರೆ ಸಿಸ್ಟರನ್ನು ಕೇಳಿ. ಕೇಳಿದ್ದಕ್ಕೆ ಬೈದರೂ ಪರವಾಗಿಲ್ಲ.

11. ಮರೆಯುವ ಮೊದಲು ಮರಳಿ ನೋಡಿ

ಓದಿದ್ದು ಎಷ್ಟು ಬೇಗ ಜಾರಿಹೋಗುತ್ತದೆ ಎಂಬುದನ್ನು ಜರ್ಮನಿಯ ಮನಶ್ಶಾಸ್ತ್ರಜ್ಞ ಎಬಿಂಗ್‌ಹೌಸ್ ತನ್ನ ಮೇಲೇ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ತೋರಿಸಿದ್ದು ಇನ್ನೂ ಉಪಯುಕ್ತ: ಅದನ್ನೇ ಮತ್ತೆ ಮತ್ತೆ ಓದಿದವರಿಗಿಂತ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ನೋಡಿದವರಿಗೆ ವಾರದ ಮೇಲೂ ಹೆಚ್ಚು ನೆನಪಿತ್ತು. ಇಂದು ಕೇಳಿದ ಪಾಠವನ್ನು ರಾತ್ರಿ ಹತ್ತು ನಿಮಿಷ, ಮೂರನೇ ದಿನ, ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಹೀಗೆ ಪುಸ್ತಕ ಮುಚ್ಚಿ ಹೇಳಿಕೊಳ್ಳಿ.

ಬ್ಯಾರನ್‌ನಲ್ಲಿ ಎಲೆ ಹದ ಮಾಡುವವರ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲು ಹದವಾದ ಶಾಖ, ಆಮೇಲೆ ಮೆಲ್ಲಮೆಲ್ಲಗೆ ಏರಿಕೆ. ಏಕಾಏಕಿ ಬೆಂಕಿ ಒಟ್ಟಿದರೆ ಎಲೆ ಕೆಡುತ್ತದೆ. ಪರೀಕ್ಷೆಯ ಹಿಂದಿನ ವಾರ ರಾತ್ರಿಯಿಡೀ ಓದುವುದೂ ಅಷ್ಟೇ.

12. ಪ್ರಶ್ನೆಪತ್ರಿಕೆಯ ಹಾದಿ ತಿಳಿಯಿರಿ, ಬಸ್ಸಿನ ಹೊತ್ತು ಉಳಿಸಿ

ರಾಜೀವ್ ಗಾಂಧಿ ವಿಶ್ವವಿದ್ಯಾಲಯದ ಪತ್ರಿಕೆಯಲ್ಲಿ ಲಾಂಗ್ ಎಸ್ಸೇ, ಶಾರ್ಟ್ ಎಸ್ಸೇ, ಶಾರ್ಟ್ ಆನ್ಸರ್ ಎಂಬ ಮೂರು ಬಗೆ. ಹಿಂದಿನ ಐದಾರು ಪರೀಕ್ಷೆಯ ಪತ್ರಿಕೆಗಳನ್ನು ಒಟ್ಟಿಗೆ ಹರಡಿಕೊಂಡು, ಮತ್ತೆ ಮತ್ತೆ ಬಂದ ಪ್ರಶ್ನೆಗಳಿಗೆ ಗುರುತು ಹಾಕಿ. ಉತ್ತರದಲ್ಲಿ ವ್ಯಾಖ್ಯೆ, ಚಿತ್ರ, ವಿಂಗಡಣೆ, ಕಾರಣ, ಲಕ್ಷಣ, ಆರೈಕೆ ಎಂದು ತಲೆಬರಹ ಹಾಕಿ ಬರೆಯಿರಿ. ಮೌಲ್ಯಮಾಪಕರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ವೈವಾದಲ್ಲಿ ಗೊತ್ತಿಲ್ಲದ್ದಕ್ಕೆ “ಗೊತ್ತಿಲ್ಲ ಸರ್” ಎಂದು ನೇರ ಹೇಳಿ, ಮುಂದಿನ ಪ್ರಶ್ನೆಗೆ ಸಿದ್ಧರಾಗಿ. ತೊದಲುತ್ತಾ ಕೂತರೆ ಗೊತ್ತಿರುವುದೂ ಕೈಬಿಡುತ್ತದೆ.

ಕೆ.ಆರ್. ನಗರದಿಂದ ಮೈಸೂರು ಸುಮಾರು 40 ಕಿ.ಮೀ., ಅರಸೀಕೆರೆ ಮಾರ್ಗದ ರೈಲೂ ಉಂಟು. ಹುಣಸೂರಿನಿಂದ 45ರ ಆಸುಪಾಸು. ಪಿರಿಯಾಪಟ್ಟಣದಿಂದ ಸುಮಾರು 70. ದಿನಾ ಓಡಾಡುವವರು ಬೆಳಗಿನ ಪಯಣವನ್ನು ನೆನಪಿನಿಂದ ಹೇಳಿಕೊಳ್ಳುವುದಕ್ಕೆ, ಸಂಜೆಯದನ್ನು ಕಣ್ಣು ಮುಚ್ಚುವುದಕ್ಕೆ ಇಟ್ಟುಕೊಳ್ಳಿ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯ ಉಚಿತ ಪ್ರಯಾಣವಿದೆ, ಹುಡುಗರಿಗೆ ವಿದ್ಯಾರ್ಥಿ ಪಾಸ್. ಆದರೆ ಕ್ಲಿನಿಕಲ್ ಡ್ಯೂಟಿ ಶುರುವಾದ ಮೇಲೆ ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಒಳಹಳ್ಳಿಗಳಿಂದ ದಿನಾ ಬರುವುದು ಮೈಗೆ ಹೊರೆ. ಆಗ ಹಾಸ್ಟೆಲ್ಲೇ ವಾಸಿ.

13. ರೋಗಿಯ ಮಾತಿನಲ್ಲೇ ಕೇಳಿ, ನಿಮ್ಮ ಮೈಯನ್ನೂ ಕಾಯ್ದುಕೊಳ್ಳಿ

“ಎದೆ ಡವಡವ ಅಂತದೆ”, “ಕಾಲು ಜೋಮು ಹಿಡೀತದೆ”, “ತಲೆ ಗಿರ್ ಅಂತದೆ.” ಈ ಮಾತನ್ನು ಕೇಸ್ ಶೀಟಿಗೆ ಸರಿಯಾಗಿ ಇಳಿಸಲು ನಗರದ ಸಹಪಾಠಿ ತಡವರಿಸುತ್ತಾನೆ, ನಿಮಗೆ ಅದು ಮನೆಮಾತು. ಸಕ್ಕರೆ ಕಾಯಿಲೆಯವರನ್ನು ‘ಆಹಾರ ಪದ್ಧತಿ ಹೇಗಿದೆ’ ಎಂದು ಕೇಳಿದರೆ “ಮಾಮೂಲಿ” ಎನ್ನುತ್ತಾರೆ. “ಹೊತ್ತಿಗೆ ಎಷ್ಟು ಹಿಟ್ಟು ಉಣ್ತೀಯವ್ವ? ಅನ್ನ ಎಷ್ಟು? ದಿನಕ್ಕೆ ಎಷ್ಟು ಸಲ ಟೀ, ಸಕ್ಕರೆ ಎಷ್ಟು ಚಮಚ?” ಎಂದು ಕೇಳಿದರೆ ಲೆಕ್ಕ ತಾನಾಗಿ ಹೊರಬರುತ್ತದೆ. ಹಿರಿಯರಿಗೆ ಅವ್ವ, ಅಯ್ಯ, ಅಜ್ಜ ಎನ್ನಿ. ಹಾಸಿಗೆಯ ನಂಬರಿನಿಂದ ಯಾರನ್ನೂ ಕರೆಯಬೇಡಿ.

ವಾರ್ಡಿಗೆ ಇಳಿಯುವ ಮುನ್ನ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳಿ. 0, 1, 6ನೇ ತಿಂಗಳು, ಮೂರು ಡೋಸ್. ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕಬೇಡಿ. ಚುಚ್ಚಿದರೆ ಸೋಪು ನೀರಿನಲ್ಲಿ ತೊಳೆದು, ಹಿಂಡದೆ, ತಕ್ಷಣ ವರದಿ ಮಾಡಿ. ಎಚ್‌ಐವಿ ತಡೆಯುವ ಮಾತ್ರೆಯನ್ನು ಎರಡು ಗಂಟೆಯೊಳಗೆ ಶುರುಮಾಡಿದರೆ ಒಳ್ಳೆಯದು, 72 ಗಂಟೆ ಮೀರಬಾರದು, 28 ದಿನ ನುಂಗಬೇಕು. ಬೈಯುತ್ತಾರೆಂದು ಮುಚ್ಚಿಟ್ಟವರೇ ಕಷ್ಟಕ್ಕೆ ಸಿಕ್ಕುವುದು. ವಾರ್ಡಿನ ಮೊದಲ ಸಾವು, ಫೇಲಾದ ಪೇಪರು, ಮನೆಯ ಸಾಲ ಮನಸ್ಸಿಗೆ ಭಾರವಾದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

14. ಕೊನೆಯ ವರ್ಷದ ಹೊಸ್ತಿಲಲ್ಲೇ ಮುಂದಿನದನ್ನು ನೋಡಿ

ಇಂಟರ್ನ್‌ಶಿಪ್ಪಿನಲ್ಲಿ ರಜಿಸ್ಟರ್ ತುಂಬಿಸಿ ದಿನ ಕಳೆಯುವವರಿದ್ದಾರೆ. ನೀವು ಮಾಡಿದ ಪ್ರತಿ ಕೆಲಸವನ್ನೂ ಸ್ವಂತ ಪುಸ್ತಕದಲ್ಲಿ ಬರೆಯಿರಿ, ಯಾವುದು ಕಡಿಮೆ ಇದೆಯೋ ಅದನ್ನು ಕೇಳಿ ಮಾಡಿ. ನರ್ಸಿಂಗ್‌ನವರು ರಾಜ್ಯ ನರ್ಸಿಂಗ್ ಕೌನ್ಸಿಲ್ ನೋಂದಣಿಗೆ ದಾಖಲೆ ಸಿದ್ಧಮಾಡಿ. ಅಲೈಡ್ ಹೆಲ್ತ್‌ಗೆ 2021ರಲ್ಲಿ ಕೇಂದ್ರ ಕಾಯ್ದೆ ಬಂದಿದ್ದು ಪಠ್ಯ, ಅವಧಿ, ನೋಂದಣಿ ನಿಯಮಗಳು ಬದಲಾಗುತ್ತಿವೆ. ಸೀನಿಯರ್ ಹೇಳಿದ್ದನ್ನು ನಂಬಿ ಕೂರದೆ ನಿಮ್ಮ ಬ್ಯಾಚಿನ ನಿಯಮವನ್ನೇ ಓದಿ.

ಏಮ್ಸ್‌ನ ನಾರ್ಸೆಟ್ ನೇಮಕಾತಿ ಪರೀಕ್ಷೆ, ರಾಜ್ಯದ ಸ್ಟಾಫ್ ನರ್ಸ್ ನೇಮಕಾತಿ, ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಹುದ್ದೆ, ಎಂ.ಎಸ್ಸಿ., ಹೊರದೇಶ, ದಾರಿಗಳು ಹಲವಿವೆ. ಬೆಂಗಳೂರಿಗೆ ಹೋಗಿ, ಕೊಲ್ಲಿ ದೇಶಕ್ಕೂ ಹೋಗಿ, ತಪ್ಪೇನಿಲ್ಲ. ಆದರೆ ಹೊಗೆಸೊಪ್ಪಿನ ವಾಂತಿಗೂ ಕೀಟನಾಶಕದ ವಾಂತಿಗೂ ವ್ಯತ್ಯಾಸ ಬಲ್ಲ, ಹಾಡಿಯ ದಾರಿ ಗೊತ್ತಿರುವ ನರ್ಸು, ಟೆಕ್ನಿಷಿಯನ್ ನಿಮ್ಮ ತಾಲ್ಲೂಕು ಆಸ್ಪತ್ರೆಗೂ ಬೇಕು. ಅಲ್ಲಿ ಹುದ್ದೆ ಖಾಲಿ ಬಿದ್ದಾಗ ಮೊದಲ ಅರ್ಜಿ ನಿಮ್ಮದಾಗಲಿ.

ಈ ವಾರ ಮಾಡಬೇಕಾದ್ದು ಮೂರೇ. ವ್ಯಾಸಂಗ ಪ್ರಮಾಣಪತ್ರಗಳ ಕಡತ ಜೋಡಿಸಿ. ಪುಸ್ತಕ ಮುಚ್ಚಿ ಹೃದಯದ ಚಿತ್ರ ಬಿಡಿಸಿ. ಮನೆಯಲ್ಲಿ ಹಿರಿಯರೊಬ್ಬರನ್ನು ಕೂರಿಸಿಕೊಂಡು, ಅವರ ಕಾಯಿಲೆಯ ಕಥೆಯನ್ನು ಮೊದಲಿಂದ ಕೊನೆಯವರೆಗೆ ಕೇಳಿ, ಬರೆದುಕೊಳ್ಳಿ.